ಗ್ಯಾರಿ ಗೈಗ್ಯಾಕ್ಸ್: ಕಟ್ಟಿದ ಲೋಕ ಕೊನೆಗೆ ಯಾರ ಪಾಲಾಯಿತು?

ನಮ್ಮ ಭಾನುವಾರದ ಆಟ ಎರಡು ವರ್ಷದಿಂದ ನಡೀತಿದೆ. ಹೋದ ತಿಂಗಳು ಮೊದಲ ಸಲ ಅಲ್ಲಿ ನಿಜವಾದ ಜಗಳ ಆಯಿತು. ಜಗಳ ಆಟದ ಬಗ್ಗೆ ಅಲ್ಲ, ಒಂದು ಪಿಡಿಎಫ್ ಬಗ್ಗೆ.

ನಾವು ಐದು ಜನ. ಇಬ್ಬರು ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್‌ಗಳು, ಇನ್ನೂ ಕೋಡ್ ಬರೀತಿದ್ದಾರೆ. ಒಬ್ಬಳು ವಕೀಲೆ, ಒಬ್ಬ ಮೇಷ್ಟ್ರು. ನಾನು ಕತೆ ನಡೆಸುವವನು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಇಷ್ಟೇ: ಒಬ್ಬ ಲೋಕವನ್ನು ವರ್ಣಿಸುತ್ತಾನೆ, ಉಳಿದವರು ಆ ಲೋಕದ ಒಂದೊಂದು ಪಾತ್ರವಾಗಿ ಏನು ಮಾಡ್ತೀವಿ ಅಂತ ಹೇಳುತ್ತಾರೆ, ಅದು ಕೈಗೂಡುತ್ತೋ ಇಲ್ಲವೋ ಅನ್ನೋದನ್ನು ದಾಳ ತೀರ್ಮಾನಿಸುತ್ತೆ. ಸ್ಕ್ರೀನ್ ಇಲ್ಲ. ಕಾಗದ, ಪೆನ್ಸಿಲ್, ಚಹಾ, ಮಂಡಕ್ಕಿ.

ನಮ್ಮ ಲೋಕ ಚಿಕ್ಕಂದಿನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನೋಡಿದ್ದು: ದಿ ಪೈರೇಟ್ಸ್ ಆಫ್ ಡಾರ್ಕ್ ವಾಟರ್. ಕಪ್ಪು ನೀರೊಂದು ಇಡೀ ಲೋಕವನ್ನು ನುಂಗುತ್ತಾ ಬರ್ತಿರುತ್ತೆ, ತಡೆಯೋಕೆ 13 ನಿಧಿಗಳನ್ನು ಹುಡುಕಬೇಕು. ಹ್ಯಾನಾ-ಬಾರ್ಬೆರಾ ಕಂಪನಿ 1991ರಿಂದ 1993ರವರೆಗೆ 21 ಕಂತು ಮಾಡಿ ನಿಲ್ಲಿಸಿಬಿಟ್ಟಿತು. ಸಿಕ್ಕಿದ್ದು 8 ನಿಧಿ. ಉಳಿದ 5 ಏನಾದವು? ನಮ್ಮ ತಲೆಮಾರಿನ ಒಂದಷ್ಟು ಜನರಿಗೆ ಇದು ಮೂವತ್ತು ದಾಟಿದರೂ ಕೊರೀತಿರೋ ಪ್ರಶ್ನೆ. ಅವನ್ನು ನಾವೇ ಹುಡುಕೋಣ ಅಂತ ಕೂತೆವು.

ಕಾರ್ಟೂನನ್ನು ಆಟವಾಗಿಸೋದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ನಾಯಕ ರೆನ್‌ನ ಪಾತ್ರ ಯಾರಿಗೂ ಕೊಡಬಾರದು ಅಂತ ಎರಡನೇ ವಾರಕ್ಕೇ ಗೊತ್ತಾಯಿತು. ಕೊಟ್ಟರೆ ಉಳಿದವರು ಬರೀ ಬಾಲ ಹಿಡಿದು ಹೋಗುವವರಾಗುತ್ತಾರೆ. ಅವನು ಎಲ್ಲೋ ದೂರದಲ್ಲಿದ್ದಾನೆ, ಇವರು ಇನ್ನೊಂದು ಹಡಗಿನವರು ಅಂತ ಮಾಡಿದೆ. ಕಾರ್ಟೂನಿನಲ್ಲಿ ಯಾರೂ ಸಾಯಲ್ಲ, ದಾಳ ಉರುಳಿಸುವಲ್ಲಿ ಸಾಯಲೇಬೇಕು. ಅಲ್ಲಿ ಕಪ್ಪು ನೀರು ಕತೆಗೆ ಬೇಕಾದಾಗ ಬರುತ್ತೆ, ಇಲ್ಲಿ ಅದಕ್ಕೂ ಒಂದು ಲೆಕ್ಕ ಬೇಕು. ಹಾಗಾಗಿ ಪ್ರತಿ ಸೂರ್ಯೋದಯಕ್ಕೆ ಒಂದು ದಾಳ: ಆರು ಬಿದ್ದರೆ ನಕ್ಷೆಯಿಂದ ಒಂದು ದ್ವೀಪ ಹೋಯಿತು.

ಎರಡು ವರ್ಷದಲ್ಲಿ ನಕ್ಷೆ, ಬಂದರು, ಬಣಗಳು ಎಲ್ಲ ಸೇರಿ 60 ಪುಟ ಆಯಿತು. ಕೋಡ್ ಬರೆಯುವವರಲ್ಲಿ ಒಬ್ಬ ಇದನ್ನು ಆನ್‌ಲೈನ್‌ನಲ್ಲಿ ಮಾರೋಣ ಅಂದ. ವಕೀಲೆ ಬೇಡವೇ ಬೇಡ ಅಂದಳು. ಲೋಕ ನಮ್ಮದಲ್ಲ, ಕಂಪನಿಯದ್ದು. ಕಂಪನಿ ಆ ಲೋಕವನ್ನು ಬಿಟ್ಟು ಮೂವತ್ತು ವರ್ಷ ಆಯ್ತಲ್ಲ ಅಂತ ಅವನು. ಬಿಟ್ಟು ಹೋದ ಮನೆಯೂ ಮಾಲೀಕನದ್ದೇ ಅಂತ ಅವಳು. ಮೇಷ್ಟ್ರು ಎಂದಿನಂತೆ ಇಬ್ಬರನ್ನೂ ಒಪ್ಪಲಿಲ್ಲ. ಆಟದಲ್ಲೂ ಅವನ ಪಾತ್ರ ಅಂಥದ್ದೇ, ಎಲ್ಲದಕ್ಕೂ ತಕರಾರು ತೆಗೆಯುವ ಒಬ್ಬ ಮುದಿ ಅಂಬಿಗ.

ಆ ರಾತ್ರಿ ಮನೆಗೆ ಬಂದು ಈ ಆಟಗಳ ಮೂಲಪುರುಷ ಗ್ಯಾರಿ ಗೈಗ್ಯಾಕ್ಸ್‌ನ ಬದುಕನ್ನು ಮತ್ತೆ ಓದಿದೆ. ನಮ್ಮ ಜಗಳವನ್ನು ಆತ ಎಲ್ಲ ಪಕ್ಷದಲ್ಲೂ ನಿಂತು ಆಡಿದ್ದ. ಬೇರೆಯವರ ಲೋಕದಿಂದ ಎತ್ತಿಕೊಂಡವನೂ ಅವನೇ, ತನ್ನದನ್ನು ಯಾರೂ ಮುಟ್ಟಬಾರದು ಅಂದವನೂ ಅವನೇ, ಕೊನೆಗೆ ತನ್ನದನ್ನೇ ಕಳೆದುಕೊಂಡವನೂ ಅವನೇ.

ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಶಿಕಾಗೋದಲ್ಲಿ. ಅಪ್ಪ ಸ್ವಿಟ್ಜರ್ಲೆಂಡ್‌ನಿಂದ ವಲಸೆ ಬಂದ ಪಿಟೀಲುಗಾರ. ಮಲಗೋ ಹೊತ್ತಿಗೆ ಮಗನಿಗೆ ಮಾಂತ್ರಿಕರ ಕತೆ ಕಟ್ಟಿ ಹೇಳ್ತಿದ್ದ. 1946ರಲ್ಲಿ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸರೋವರದ ಊರಿಗೆ ಬಂತು. ಅಲ್ಲಿ ಒಂದು ಪಾಳುಬಿದ್ದ ಆಸ್ಪತ್ರೆ ಕಟ್ಟಡ ಇತ್ತು. ಹುಡುಗ ಗೆಳೆಯರನ್ನು ಕಟ್ಟಿಕೊಂಡು ಅದರ ಕತ್ತಲೆ ಓಣಿಗಳಲ್ಲಿ ಅಲೀತಿದ್ದ. ಮುಂದೆ ಕೋಟ್ಯಂತರ ಜನ ಆಡುವ ನೆಲಮಾಳಿಗೆಯ ಬೀಜ ಅಲ್ಲೇ ಬಿದ್ದಿರಬೇಕು ಅಂತ ನನ್ನ ಊಹೆ.

1956ರಲ್ಲಿ ಅಪ್ಪ ತೀರಿಕೊಂಡ. ಹುಡುಗ ಹೈಸ್ಕೂಲ್ ಮುಗಿಸಲಿಲ್ಲ. ಸೇನೆಗೆ ಸೇರಿ ಆರೋಗ್ಯ ಕೆಟ್ಟು ಬೇಗ ವಾಪಸ್ ಬಂದ, 20ರ ವಯಸ್ಸಿಗೆ ಮದುವೆಯಾದ, ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಗುಮಾಸ್ತಗಿರಿಯಿಂದ ಮೇಲೆ ಬಂದು ಅಂಡರ್‌ರೈಟರ್ ಆದ. ಐದು ಮಕ್ಕಳು. ಉಳಿದ ಹೊತ್ತೆಲ್ಲ ಯುದ್ಧದ ಆಟ, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಹಳೇ ಕದನಗಳನ್ನು ಮರಳಿ ಆಡೋದು. 1968ರಲ್ಲಿ 50 ಡಾಲರ್ ಕೊಟ್ಟು ಊರಿನ ತೋಟಗಾರಿಕಾ ಭವನವನ್ನು ಬಾಡಿಗೆಗೆ ಹಿಡಿದು ಆಟಗಾರರ ಮೇಳ ನಡೆಸಿದ. ಅದೇ ಇವತ್ತಿನ ಜೆನ್ ಕಾನ್.

1970ರಲ್ಲಿ ಕೆಲಸ ಹೋಯಿತು. ನೆಲಮಾಳಿಗೆಯಲ್ಲಿ ಶೂ ರಿಪೇರಿ ಮಾಡುತ್ತಾ ಆಟದ ನಿಯಮಗಳನ್ನು ಬರೆಯೋಕೆ ಕೂತ. 1971ರಲ್ಲಿ ಜೆಫ್ ಪೆರೆನ್ ಜೊತೆ ತಂದ ಚೈನ್‌ಮೇಲ್ ಎಂಬ ಮಧ್ಯಯುಗದ ಯುದ್ಧದಾಟದ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳ ಒಂದು ಅನುಬಂಧ ಸೇರಿಸಿದ. ಅದನ್ನು ಹಿಡಿದು ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ಎಂಬ ವಿದ್ಯಾರ್ಥಿ ಬೇರೆಯೇ ಏನೋ ಮಾಡಿದ. ಸೈನ್ಯ ಬೇಡ, ಒಬ್ಬರಿಗೆ ಒಂದೇ ಪಾತ್ರ. ಆ ಪಾತ್ರ ಕೋಟೆಯ ಕೆಳಗಿನ ಸುರಂಗಕ್ಕಿಳಿಯುತ್ತೆ, ಬದುಕಿ ಬಂದರೆ ಮುಂದಿನ ವಾರಕ್ಕೆ ಇನ್ನಷ್ಟು ಬಲಿಯುತ್ತೆ. 1972ರ ಕೊನೆಗೆ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ಈ ಬ್ಲ್ಯಾಕ್‌ಮೂರ್ ಆಟವನ್ನು ತೋರಿಸಿದ. ಗೈಗ್ಯಾಕ್ಸ್ ಟೈಪ್‌ರೈಟರ್ ಮುಂದೆ ಕೂತ. ತನ್ನದೇ ಗ್ರೇಹಾಕ್ ಕೋಟೆಯ ಕೆಳಗೆ ಮೊದಲು ಇಳಿಸಿದ್ದು ಮಗ ಅರ್ನಿ ಮತ್ತು ಮಗಳು ಎಲೀಸ್‌ರನ್ನು.

ಐಡಿಯಾ ಯಾರದ್ದು, ಬರವಣಿಗೆ ಯಾರದ್ದು ಅನ್ನೋ ಜಗಳ ಇಲ್ಲಿಂದಲೇ ಶುರು. ಸ್ಟಾರ್ಟ್‌ಅಪ್‌ನಲ್ಲಿ ಕೆಲಸ ಮಾಡಿದವರಿಗೆ ಈ ವಾಸನೆ ಗೊತ್ತಿರುತ್ತೆ. ಕಣ್ಣು ಹೊಳೆಸಿ ಐಡಿಯಾ ಹೇಳುವವನೊಬ್ಬ, ರಾತ್ರಿ ಕೂತು ಅದನ್ನು ಬೇರೆಯವರೂ ಬಳಸುವಂತೆ ಬರೆಯುವವನು ಇನ್ನೊಬ್ಬ. ಒಬ್ಬನಿಲ್ಲದೆ ಇನ್ನೊಬ್ಬನಿಂದ ಆಗ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಯಾವ ಪ್ರಕಾಶಕರೂ ಮುಟ್ಟಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಮತ್ತು ಗೈಗ್ಯಾಕ್ಸ್ ತಲಾ 1000 ಡಾಲರ್ ಹಾಕಿ ಟಿಎಸ್‌ಆರ್ ಕಂಪನಿ ಶುರು ಮಾಡಿದರು. ಅದು ಸಾಲದೆ ಬ್ರಯಾನ್ ಬ್ಲೂಮ್ ಎಂಬವನನ್ನು 2000 ಡಾಲರ್‌ಗೆ ಸೇರಿಸಿಕೊಂಡರು. 1974ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. 1000 ಪೆಟ್ಟಿಗೆ, ಬೆಲೆ 10 ಡಾಲರ್, ಮುಖಪುಟದಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇಬ್ಬರ ಹೆಸರು.

ಆ ಪೆಟ್ಟಿಗೆಯೊಳಗೆ ಇದ್ದದ್ದೆಲ್ಲ ಎಲ್ಲಿಂದ ಬಂದಿತ್ತು? ಮಂತ್ರ ಒಮ್ಮೆ ಹೇಳಿದರೆ ಮರೆತೇ ಹೋಗುವ ಪದ್ಧತಿ ಜ್ಯಾಕ್ ವ್ಯಾನ್ಸ್‌ನ ಕಾದಂಬರಿಗಳದ್ದು. ಕಳ್ಳರ ನಗರಗಳ ವಾತಾವರಣ ಫ್ರಿಟ್ಜ್ ಲೈಬರ್‌ನದ್ದು. ಹಾಬಿಟ್, ಎಂಟ್, ಬಾಲ್‌ರಾಗ್ ಸೀದಾ ಟೋಲ್ಕೀನ್‌ನಿಂದ. ಇಪ್ಪತ್ತು ಮುಖದ ದಾಳ ಶಾಲೆಗಳಿಗೆ ಗಣಿತದ ಸಾಮಾನು ಮಾರುವವರ ಕ್ಯಾಟಲಾಗ್‌ನಿಂದ. ನನಗೆ ತುಂಬಾ ಇಷ್ಟವಾದ ವಿವರ ಇದು: ಗೂಬೆಕರಡಿ ಅಂತ ಒಂದು ಪ್ರಾಣಿ, ಕಬ್ಬಿಣವನ್ನು ತುಕ್ಕು ಹಿಡಿಸಿ ತಿನ್ನುವ ಇನ್ನೊಂದು ಪ್ರಾಣಿ, ಇವತ್ತಿಗೂ ಈ ಆಟದ ಗುರುತೇ ಆಗಿರುವ ರಾಕ್ಷಸರು. ಇವರ ಮೂಲ ಯಾವ ಪುರಾಣವೂ ಅಲ್ಲ, ಹಾಂಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳು. ಡೈನೋಸಾರ್ ಅಂತ ಮಾರಿದ್ದ, ಆದರೆ ಯಾವ ಡೈನೋಸಾರ್ ಥರವೂ ಇಲ್ಲದ ಬೊಂಬೆಗಳಿಗೆ ಈತ ಹೆಸರಿಟ್ಟು, ಸ್ವಭಾವ ಕೊಟ್ಟ. ನಾವು ಕಾರ್ಟೂನಿಗೆ ಮಾಡ್ತಿರೋದಕ್ಕಿಂತ ಇದು ಬೇರೆ ಏನಲ್ಲ.

ಆ ಮೊದಲ ಪುಸ್ತಿಕೆಗಳು ಉದಾರವಾಗಿದ್ದವು. ನಿಮಗೆ ಬೇಕಾದ್ದನ್ನು ನೀವೇ ಕಲ್ಪಿಸಿಕೊಳ್ಳಿ, ನಿಮ್ಮ ಪರವಾಗಿ ನಾವ್ಯಾಕೆ ಕಲ್ಪಿಸಬೇಕು ಅನ್ನೋದು ಅವುಗಳ ಧಾಟಿ. ನಾಲ್ಕೈದು ವರ್ಷದಲ್ಲಿ ಧಾಟಿ ಬದಲಾಯಿತು. 1977ರಲ್ಲಿ ಟೋಲ್ಕೀನ್ ಹಕ್ಕುದಾರರ ಕಡೆಯಿಂದ ಕಾನೂನಿನ ಬೆದರಿಕೆ ಬಂತು. ಹಾಬಿಟ್ ಹೋಗಿ ಹಾಫ್ಲಿಂಗ್, ಎಂಟ್ ಹೋಗಿ ಟ್ರೀಯಂಟ್, ಬಾಲ್‌ರಾಗ್ ಹೋಗಿ ಬೇಲರ್. ಅದೇ ಕಾಲಕ್ಕೆ ಗೈಗ್ಯಾಕ್ಸ್ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬರೆದ, ಮುಖಪುಟದಲ್ಲಿ ತನ್ನೊಬ್ಬನದೇ ಹೆಸರು. ನಿಯಮ ಬದಲಿಸಿ ಆಡುವವರು ಆಡ್ತಿರೋದು ನನ್ನ ಆಟವೇ ಅಲ್ಲ ಅನ್ನುವ ಬಿಗಿ ಬರವಣಿಗೆ ಬಂತು. ಇದು ಬೇರೆ ಆಟ, ಹಾಗಾಗಿ ಆರ್ನೆಸನ್‌ಗೆ ರಾಯಲ್ಟಿ ಕೊಡಬೇಕಿಲ್ಲ ಅನ್ನೋದು ಕಂಪನಿಯ ವಾದ. ಆರ್ನೆಸನ್ 1979ರಲ್ಲಿ ಕೇಸ್ ಹಾಕಿದ, 1981ರಲ್ಲಿ ರಾಜಿಯಾಯಿತು, ಆತನಿಗೆ ಪಾಲು ಸಿಕ್ಕಿತು.

1978ರ ಆಟಗಾರರ ಕೈಪಿಡಿಯಲ್ಲಿ ಇನ್ನೊಂದು ಕೆಲಸ ಆಗಿದೆ. ಮಹಿಳಾ ಪಾತ್ರಗಳ ಬಲಕ್ಕೆ ಪುರುಷ ಪಾತ್ರಗಳಿಗಿಂತ ಕಡಿಮೆ ಮಿತಿ. ಡ್ರ್ಯಾಗನ್ ಹಾರುವ ಲೋಕದಲ್ಲಿ ಹೆಣ್ಣಿನ ತೋಳಿನ ಬಲ ಮಾತ್ರ ವಾಸ್ತವಕ್ಕೆ ಬದ್ಧವಾಗಿರಬೇಕಂತೆ! ಮೊದಲು ನೆಲಮಾಳಿಗೆಗೆ ಇಳಿದವರಲ್ಲಿ ಸ್ವಂತ ಮಗಳೇ ಇದ್ದಳು ಅನ್ನೋದನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು. ಆಟದ 50ನೇ ವರ್ಷಕ್ಕೆ, 2024ರಲ್ಲಿ ಬಂದ ಇತಿಹಾಸದ ಪುಸ್ತಕವೊಂದು ಹಳೆಯ ಪುಟಗಳಲ್ಲಿನ ಇಂಥ ಧೋರಣೆಯನ್ನು ಒಪ್ಪಿಕೊಂಡಾಗ ಎಲಾನ್ ಮಸ್ಕ್ ತನಕ ಸಿಟ್ಟಾದವರಿದ್ದಾರೆ. ಗೈಗ್ಯಾಕ್ಸ್‌ನ ಹೆಸರಿಗೆ ಇದರಿಂದ ಅವಮಾನವಾಯಿತು ಅಂತ ನನಗಂತೂ ಅನ್ನಿಸಲ್ಲ. ಬರೆದದ್ದು ಅವನೇ ತಾನೇ.

ಕಂಪನಿ ಬೆಳೀತಾ ಹೋಯಿತು, ಮಾಲೀಕತ್ವ ಜಾರುತ್ತಾ ಹೋಯಿತು. 1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡ, ಬರೀ 36 ವರ್ಷ. ಅವನ ಪಾಲನ್ನು ಕೊಳ್ಳುವಷ್ಟು ದುಡ್ಡು ಗೈಗ್ಯಾಕ್ಸ್ ಹತ್ತಿರ ಇರಲಿಲ್ಲ, ಬ್ಲೂಮ್ ಕುಟುಂಬದ ಹತ್ತಿರ ಇತ್ತು. ಷೇರುಗಳಲ್ಲಿ ಗೈಗ್ಯಾಕ್ಸ್‌ನ ಪಾಲು ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಜಗತ್ತಿಗೆಲ್ಲ ಅವನೇ ಕಂಪನಿಯ ಮುಖ, ಮತ ಹಾಕುವಾಗ ಮಾತ್ರ ಅಲ್ಪಸಂಖ್ಯಾತ.

1979ರಲ್ಲಿ ಮಿಶಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದ. ಈ ಆಟ ಆಡುತ್ತಾ ವಿಶ್ವವಿದ್ಯಾಲಯದ ಸುರಂಗಗಳಲ್ಲಿ ಕಳೆದುಹೋದ ಅಂತ ಪತ್ರಿಕೆಗಳು ಬರೆದವು. ಹುಡುಗನ ಸಂಕಟಕ್ಕೆ ಕಾರಣ ಬೇರೆ ಇದ್ದವು. ಆದರೂ ಇದು ಸೈತಾನನ ಆಟ, ಮಕ್ಕಳನ್ನು ಕೊಲ್ಲುತ್ತೆ ಅನ್ನುವ ಚಳವಳಿ ಇಡೀ ಎಂಬತ್ತರ ದಶಕ ನಡೆಯಿತು. ಸೈತಾನನ ಏಜೆಂಟ್ ಅನ್ನಿಸಿಕೊಂಡ ಮನುಷ್ಯ ತಾನೇ ಯೆಹೋವನ ಸಾಕ್ಷಿಗಳ ಪಂಥದಲ್ಲಿದ್ದವನು. ಈ ಗದ್ದಲ ಮಾರಾಟವನ್ನು ಹೆಚ್ಚಿಸಿತು. ನೈತಿಕ ಪೊಲೀಸರಿಗೆ ಈ ಲೆಕ್ಕ ಯಾವತ್ತೂ ಅರ್ಥವಾಗಲ್ಲ.

ಈಗ ಕಾರ್ಟೂನಿಗೆ ಬರೋಣ.

1983ರ ಹೊತ್ತಿಗೆ ಮನೆಯಲ್ಲಿ ವಿಚ್ಛೇದನ, ಕಂಪನಿಯಲ್ಲಿ ಬ್ಲೂಮ್ ಸೋದರರ ಜೊತೆ ಜಟಾಪಟಿ. ಗೈಗ್ಯಾಕ್ಸ್‌ನನ್ನು ಲಾಸ್ ಏಂಜಲೀಸ್‌ಗೆ ಕಳಿಸಿದರು, ಸಿನಿಮಾ-ಟಿವಿ ವ್ಯವಹಾರ ನೋಡ್ಕೋ ಅಂತ. ಹಳೇ ಹಾಲಿವುಡ್ ನಿರ್ದೇಶಕ ಕಿಂಗ್ ವಿಡಾರ್‌ನ ಬಂಗಲೆಯನ್ನು ಬಾಡಿಗೆಗೆ ಹಿಡಿದು ಕೂತ. ಶೂ ರಿಪೇರಿಯಿಂದ ಬೆವರ್ಲಿ ಹಿಲ್ಸ್‌ಗೆ 13 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾರ್ಟೂನ್ ಶುರುವಾಯಿತು. ಗೈಗ್ಯಾಕ್ಸ್ ಅದರ ಸಹ ನಿರ್ಮಾಪಕ.

ಆರು ಮಕ್ಕಳು ಜಾತ್ರೆಯ ರೋಲರ್ ಕೋಸ್ಟರ್ ಹತ್ತಿ ಇನ್ನೊಂದು ಲೋಕಕ್ಕೆ ಬೀಳ್ತಾರೆ. ಡಂಜನ್ ಮಾಸ್ಟರ್ ಎಂಬ ಮುದುಕ ಒಬ್ಬೊಬ್ಬರಿಗೂ ಒಂದೊಂದು ಆಯುಧ ಕೊಡ್ತಾನೆ. ಹ್ಯಾಂಕ್‌ಗೆ ಬಿಲ್ಲು, ಎರಿಕ್‌ಗೆ ಗುರಾಣಿ, ಡಯಾನಾಗೆ ಕೋಲು, ಪ್ರೆಸ್ಟೋಗೆ ಟೋಪಿ, ಶೀಲಾಗೆ ಮಾಯವಾಗುವ ಮೇಲಂಗಿ, ಪುಟಾಣಿ ಬಾಬಿಗೆ ಗದೆ. ಎರಿಕ್ ಕ್ಯಾವಲಿಯರ್, ಡಯಾನಾ ಅಕ್ರೋಬ್ಯಾಟ್, ಬಾಬಿ ಬಾರ್ಬೇರಿಯನ್. ಈ ಮೂರು ವರ್ಗಗಳು ಆಗಿನ್ನೂ ಮುಖ್ಯ ನಿಯಮ ಪುಸ್ತಕದಲ್ಲೇ ಇರಲಿಲ್ಲ. 1982-83ರಲ್ಲಿ ಗೈಗ್ಯಾಕ್ಸ್ ಡ್ರ್ಯಾಗನ್ ಪತ್ರಿಕೆಯಲ್ಲಿ ಅವನ್ನು ಪ್ರಯೋಗಕ್ಕೆ ಬಿಟ್ಟಿದ್ದ, 1985ರಲ್ಲಿ ಪುಸ್ತಕವಾಗಿ ಬಂದವು. ಅಂದರೆ ಶನಿವಾರ ಬೆಳಿಗ್ಗೆ ಕಾರ್ಟೂನ್ ನೋಡುವ ಮಗು ಕೈಪಿಡಿಗಿಂತ ಎರಡು ವರ್ಷ ಮುಂದಿತ್ತು.

ಆದರೆ ಆಟದ ಜೀವ ಕಾರ್ಟೂನಿಗೆ ದಾಟಲಿಲ್ಲ. ಪೋಷಕರ ಸಂಘಟನೆಗಳ ಒತ್ತಡ ಚಾನೆಲ್ ಮೇಲಿತ್ತು. ಸರಣಿಗೆ ಅಡಿಪಾಯ ಹಾಕಿದ ಬರಹಗಾರ ಮಾರ್ಕ್ ಇವಾನಿಯರ್ ಮುಂದೆ ವಿವರಿಸಿದ ಪ್ರಕಾರ, ಎರಿಕ್ ಪಾತ್ರ ಇದ್ದದ್ದೇ ಒಂದು ಪಾಠ ಕಲಿಸೋಕೆ. ಗುಂಪು ಯಾವಾಗಲೂ ಸರಿ, ಗುಂಪಿಗೆ ಒಪ್ಪದವನು ಯಾವಾಗಲೂ ತಪ್ಪು. ಎರಿಕ್ ಬೇಡ ಅಂದ ಅಂದರೆ ಕಂತು ಮುಗಿಯೋದರೊಳಗೆ ಅವನಿಗೆ ಮುಖಭಂಗ ಗ್ಯಾರಂಟಿ. ಈ ನಿಯಮ ಇವಾನಿಯರ್‌ಗೂ ಇಷ್ಟವಿರಲಿಲ್ಲ. ಯೋಚಿಸಿ ನೋಡಿ. ಮೇಜಿನ ಸುತ್ತ ಕೂತ ಆರು ಮಂದಿ ಆರು ಥರ ವಾದಿಸೋದೇ ಈ ಆಟದ ಮಜಾ. ಒಪ್ಪದವನು ಹೇಳಿದ್ದೇ ಸರಿಯಾಗಿ, ಗುಂಪು ಹಳ್ಳಕ್ಕೆ ಬಿದ್ದು ಸತ್ತ ಆಟಗಳು ನಮ್ಮಲ್ಲೇ ಮೂರು ಆಗಿವೆ. ಅದನ್ನು ಪರದೆಗೆ ತರುವಾಗ ಮೊದಲು ಕಿತ್ತು ಹಾಕಿದ್ದೇ ಭಿನ್ನಮತವನ್ನು.

1985ರ ಡಿಸೆಂಬರ್‌ಗೆ 27 ಕಂತು ಮುಗಿಸಿ ಕಾರ್ಟೂನ್ ನಿಂತಿತು. ಮಕ್ಕಳು ಮನೆ ಸೇರಲಿಲ್ಲ. ಮೈಕಲ್ ರೀವ್ಸ್ ಬರೆದಿಟ್ಟ ಕೊನೆಯ ಕಂತನ್ನು ಆಗ ಯಾರೂ ಚಿತ್ರಿಸಲಿಲ್ಲ. ಅಮೆರಿಕಕ್ಕಿಂತ ಬ್ರೆಜಿಲ್‌ನಲ್ಲಿ ಈ ಕೊರಗು ಜೋರು, ಅಲ್ಲಿ ಅದು ನಮ್ಮ ಸ್ವ್ಯಾಟ್ ಕ್ಯಾಟ್ಸ್ ಥರ ಒಂದು ತಲೆಮಾರಿನ ನೆನಪು. ಕೊನೆಗೆ 2019ರಲ್ಲಿ ಆ ಮಕ್ಕಳನ್ನು ನಿಜವಾದ ನಟರ ರೂಪದಲ್ಲಿ ಮನೆ ಸೇರಿಸಿದ್ದು ರೆನೋ ಕ್ವಿಡ್ ಕಾರಿನ ಬ್ರೆಜಿಲ್ ಜಾಹೀರಾತು. ಹೌದು, ನಮ್ಮ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕಾಣೋ ಅದೇ ಕ್ವಿಡ್. ಕತೆಗೆ ಕೊನೆ ಕೊಡೋಕೆ ದುಡ್ಡಿದ್ದದ್ದು ಕಾರ್ ಕಂಪನಿಗೆ ಮಾತ್ರ.

ಕಾರ್ಟೂನ್ ಓಡ್ತಿರುವಾಗ ಇತ್ತ ಲೇಕ್ ಜಿನೀವಾದಲ್ಲಿ ಕಂಪನಿ ಮುಳುಗ್ತಿತ್ತು. ಸಂಬಂಧಿಕರಿಗೆ ಕೆಲಸ, ಬೇಡದ ಖರೀದಿಗಳು, ಅದರಲ್ಲಿ ಒಂದು ಕಸೂತಿ ಸಾಮಾನಿನ ಕಂಪನಿ. ನೌಕರರನ್ನು ಗುಂಪುಗುಂಪಾಗಿ ತೆಗೆದರು. ಗೈಗ್ಯಾಕ್ಸ್‌ನ ಬಂಗಲೆಯ ಖರ್ಚೂ ಆ ಲೆಕ್ಕದಲ್ಲೇ ಇತ್ತು, ಅದನ್ನೂ ಹೇಳಬೇಕು. ವಾಪಸ್ ಬಂದವನು 1985ರ ಮಾರ್ಚ್‌ನಲ್ಲಿ ಷೇರು ಒಟ್ಟುಗೂಡಿಸಿ ಮುಖ್ಯಸ್ಥನಾದ. ಕಂಪನಿ ನಡೆಸೋಕೆ ಲೊರೇನ್ ವಿಲಿಯಮ್ಸ್ ಎಂಬವಳನ್ನು ತಾನೇ ಕರೆತಂದ. ಅಕ್ಟೋಬರ್‌ನಲ್ಲಿ ಬ್ಲೂಮ್ ಸೋದರರು ತಮ್ಮ ಷೇರನ್ನೆಲ್ಲ ಅವಳಿಗೆ ಮಾರಿದರು. ಗೈಗ್ಯಾಕ್ಸ್ ಕೋರ್ಟಿಗೆ ಹೋಗಿ ಸೋತ. 1986 ಮುಗಿಯುವಷ್ಟರಲ್ಲಿ ತಾನು ಕಟ್ಟಿದ ಕಂಪನಿಯಿಂದ ಹೊರಗೆ. ಅಭಿಮಾನಿಗಳು ಇಂದಿಗೂ ವಿಲಿಯಮ್ಸ್‌ಳನ್ನು ಖಳನಾಯಕಿ ಮಾಡ್ತಾರೆ. ಮುಳುಗುತ್ತಿದ್ದ ಕಂಪನಿಯನ್ನು ಇನ್ನೂ ಹತ್ತು ವರ್ಷ ತೇಲಿಸಿದ್ದೂ ಅವಳೇ ಅನ್ನೋದು ಆ ಕತೆಯಲ್ಲಿ ಬರಲ್ಲ.

ಹೊರಹೋಗುವಾಗ ಗ್ರೇಹಾಕ್ ಲೋಕ ಕಂಪನಿಯದ್ದಾಗಿಯೇ ಉಳಿಯಿತು. ಅದೇ ಲೋಕದ ಕಾದಂಬರಿಗಳಿಗಾಗಿ ಸೃಷ್ಟಿಸಿದ್ದ ಗಾರ್ಡ್ ಎಂಬ ಕಳ್ಳನ ಪಾತ್ರ ಮಾತ್ರ ಅವನ ಕೈಯಲ್ಲಿ ಉಳಿಯಿತು. ಏನು ಮಾಡಿದ ಗೊತ್ತಾ? ಗಾರ್ಡ್ ಸರಣಿ ಮುಂದುವರಿಸಿ, 1988ರ ಕೊನೆಯ ಕಾದಂಬರಿಯಲ್ಲಿ ಆ ಇಡೀ ಲೋಕವನ್ನೇ ನಾಶ ಮಾಡಿದ. ಮಕ್ಕಳನ್ನು ಕೂರಿಸಿಕೊಂಡು ಕಟ್ಟಿದ ಲೋಕ ಅದು. ನನಗೆ ಸಿಗದ್ದು ಯಾರಿಗೂ ಬೇಡ ಅನ್ನೋ ಹಾಗೆ. ಕಂಪನಿ ಕ್ಯಾರೇ ಅನ್ನಲಿಲ್ಲ. ಅದೇ ವರ್ಷ ಗ್ರೇಹಾಕ್ ಕೋಟೆಯನ್ನೇ ಗೇಲಿ ಮಾಡುವ ಒಂದು ಆಟದ ಪುಸ್ತಕ ತಂದಿತು.

1992ರಲ್ಲಿ ಆತ ಡೇಂಜರಸ್ ಜರ್ನೀಸ್ ಎಂಬ ಹೊಸ ಆಟ ತಂದ. ಟಿಎಸ್‌ಆರ್ ಕೇಸ್ ಹಾಕಿತು. 1994ರ ರಾಜಿಯಲ್ಲಿ ಆ ಆಟದ ಹಕ್ಕುಗಳನ್ನೇ ಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿತು. ಬೇರೆಯವರು ತನ್ನ ಆಟದ ಹತ್ತಿರ ಸುಳಿಯದ ಹಾಗೆ ಆತನೇ ಕಟ್ಟಿದ್ದ ಬೇಲಿಗೆ ಆತನೇ ಸಿಕ್ಕಿಬಿದ್ದ. 1997ರಲ್ಲಿ ಟಿಎಸ್‌ಆರ್ ದಿವಾಳಿಯ ಅಂಚಿಗೆ ಬಂದು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೈಗೆ, 1999ರಲ್ಲಿ ಅದು ಹ್ಯಾಸ್ಬ್ರೊ ಎಂಬ ಬೊಂಬೆ ಕಂಪನಿಯ ಕೈಗೆ ಹೋಯಿತು. ಪ್ಲಾಸ್ಟಿಕ್ ಬೊಂಬೆಯಿಂದ ಹುಟ್ಟಿದ ರಾಕ್ಷಸರು ಬೊಂಬೆ ಕಂಪನಿಗೇ ಸೇರಿದರು.

ಕೊನೆಯ ವರ್ಷಗಳಲ್ಲಿ ಗೈಗ್ಯಾಕ್ಸ್ ಮೆತ್ತಗಾಗಿದ್ದ. ಲೇಕ್ ಜಿನೀವಾದ ಮನೆಯ ಜಗಲಿಯಲ್ಲಿ ಕೂತು, ಹುಡುಕಿಕೊಂಡು ಬಂದ ಅಪರಿಚಿತರ ಜೊತೆ ಆಡ್ತಿದ್ದ. 2004ರಲ್ಲಿ ಪಾರ್ಶ್ವವಾಯು ಹೊಡೆಯಿತು. 2008ರ ಮಾರ್ಚ್ 4ರಂದು ತೀರಿಕೊಂಡ, 69 ವರ್ಷ. ಅಂತ್ಯಕ್ರಿಯೆಗೆ ಬಂದವರು ಕೂತು ಆಡಿದ ಆಟವೇ ಮುಂದೆ ಗ್ಯಾರಿ ಕಾನ್ ಎಂಬ ವಾರ್ಷಿಕ ಮೇಳವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್ ಕೂಡ ಹೋದ.

ಜಗಳ ಮಾತ್ರ ಸಾಯಲಿಲ್ಲ. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಪುಸ್ತಕ ಮಾರಬಹುದು ಅಂತ 2000ದಲ್ಲಿ ಕೊಟ್ಟಿದ್ದ ಮುಕ್ತ ಪರವಾನಗಿಯನ್ನು 2023ರ ಜನವರಿಯಲ್ಲಿ ಬಿಗಿ ಮಾಡೋಕೆ ವಿಜರ್ಡ್ಸ್ ಹೊರಟಿತ್ತು. ಕರಡು ಸೋರಿಕೆಯಾಯಿತು. ಸಣ್ಣ ಪ್ರಕಾಶಕರು, ಆಟಗಾರರು ಸಹಿ ಸಂಗ್ರಹಿಸಿದರು, ಚಂದಾ ರದ್ದು ಮಾಡಿದರು. ತಿಂಗಳು ಮುಗಿಯೋದರೊಳಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಹಾಕಿತು. ಇನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಅದೇ ವರ್ಷದ ಸಿನಿಮಾದಲ್ಲಿ ಆ ಆರು ಕಾರ್ಟೂನ್ ಮಕ್ಕಳೂ ಒಂದು ದೃಶ್ಯದಲ್ಲಿ ಹಾಗೇ ಬಂದು ಹೋಗ್ತಾರೆ, ಬಿಲ್ಲು, ಗುರಾಣಿ, ಟೋಪಿ ಸಮೇತ. ಬಾಲ್ಯದ ನೆನಪಿಗೆ ಮಾರುಕಟ್ಟೆ ಇದೆ ಅಂತ ಎಲ್ಲರಿಗೂ ಗೊತ್ತಾಗಿದೆ. ಅವತಾರ್ ಕಾರ್ಟೂನಿನ ಅಧಿಕೃತ ಟೇಬಲ್‌ಟಾಪ್ ಆಟಕ್ಕೆ 2021ರಲ್ಲಿ ಜನ ಮುಂಗಡವಾಗಿ ಸುರಿದದ್ದು ಸುಮಾರು 95 ಲಕ್ಷ ಡಾಲರ್.

ಇಷ್ಟೆಲ್ಲ ಓದಿ ಮುಂದಿನ ಭಾನುವಾರ ಹೋದೆ. ವಕೀಲೆ ಒಂದು ದಾರಿ ತಂದಿದ್ದಳು. ನಿಯಮಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ, ಹೆಸರು, ಚಿತ್ರ, ಪಾತ್ರಗಳ ಮೇಲೆ ಇದೆ. ಮನೆಯಲ್ಲಿ ಆಡೋಕೆ ಯಾರ ಅಪ್ಪಣೆಯೂ ಬೇಡ. ಹೊರಗೆ ಕೊಡೋದಾದರೆ ಕಾರ್ಟೂನಿನದ್ದನ್ನೆಲ್ಲ ತೆಗೆಯಿರಿ, ದಿನಾ ಒಂದು ದ್ವೀಪ ಮುಳುಗೋ ಲೆಕ್ಕ ನಮ್ಮದು, ಅದು ಇರಲಿ. ಹಾಬಿಟ್ ಹಾಫ್ಲಿಂಗ್ ಆದ ಹಾಗೆ. ಮಾರೋದು ಬೇಡ, ಸುಮ್ಮನೆ ಕೊಡೋಣ, ಯಾರು ಬೇಕಾದರೂ ಬದಲಿಸಿಕೊಳ್ಳಲಿ ಅಂತ ನಾನಂದೆ. ಕೋಡ್ ಬರೆಯುವವನಿಗೆ ಇನ್ನೂ ಅಸಮಾಧಾನ ಇದೆ. ನಕ್ಷೆ ಬರೆಯೋಕೆ ಅವನು ಕಳೆದ ರಾತ್ರಿಗಳಿಗೆ ಬೆಲೆ ಇಲ್ಲವಾ ಅಂತ ಕೇಳ್ತಾನೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈ ಮಧ್ಯೆ ಹೆಸರು ಬದಲಿಸುವ ಕೆಲಸ ಅರ್ಧಕ್ಕೆ ಬಂದಿದೆ, ಮಂಗನ ಥರದ ಒಂದು ಹಕ್ಕಿಗೆ ಇನ್ನೂ ಒಳ್ಳೇ ಕನ್ನಡ ಹೆಸರು ಸಿಕ್ಕಿಲ್ಲ.

ಆಟದಲ್ಲಿ ಇನ್ನು ಎರಡು ನಿಧಿ ಬಾಕಿ. ಹೋದ ವಾರ ಬೆಳಗಿನ ದಾಳದಲ್ಲಿ ಆರು ಬಿತ್ತು, ಹತ್ತಿರದ ಬಂದರು ಹೋಯಿತು. ಮೂವರೂ ತಕ್ಷಣ ಹಡಗು ಹತ್ತಿದರು. ಮೇಷ್ಟ್ರ ಅಂಬಿಗ ದಡದಲ್ಲೇ ಕೂತಿದ್ದಾನೆ, ಈ ದಾರಿ ತಪ್ಪು ಅಂತ. ನಕ್ಷೆ ನನ್ನ ಕೈಯಲ್ಲಿದೆ, ಅವನು ಹೇಳ್ತಿರೋದು ಸರಿ ಅಂತ ನನಗೊಬ್ಬನಿಗೆ ಗೊತ್ತು. ಹೇಳೋ ಹಾಗಿಲ್ಲ.